ತಾರಸಿಗೂ ಬೆಟ್ಟಕ್ಕೂ ಒಂದೇ ಎಚ್‌ಎಫ್ ಸೆಟ್: ಬಳಸಿದವರು ಅನುಭವ ಹೇಳಿ

ತಾರಸಿಮನೆ (ಶಿವಮೊಗ್ಗ):
ಎಲ್ಲರಿಗೂ ನಮಸ್ಕಾರ. ಹ್ಯಾಮ್ ರೇಡಿಯೊದ ಜನರಲ್ ಗ್ರೇಡ್ ಪರವಾನಗಿ ಕೈಗೆ ಬಂತು. ಎರಡನೇ ಮಹಡಿಯ ಬಾಡಿಗೆ ಮನೆ, ತಾರಸಿ 12 ಮೀಟರ್‌ಗೆ 9 ಮೀಟರ್. ಎಲ್ಲೂ ಮೊಳೆ ಹೊಡೆಯಬಾರದು ಅಂತ ಮಾಲೀಕರ ಕಟ್ಟುನಿಟ್ಟು. ಬೆಳಿಗ್ಗೆ 40 ಮೀಟರ್ ಬ್ಯಾಂಡಲ್ಲಿ (7 ಮೆಗಾಹರ್ಟ್ಜ್) ರಾಜ್ಯದೊಳಗೆ ಮಾತಾಡಬೇಕು, ಆಗಾಗ ಕೊಡಚಾದ್ರಿ ಕಡೆ ಹೊತ್ತುಕೊಂಡು ಹೋಗಬೇಕು. ಎಲ್ಲಾ ಸೇರಿ 80 ಸಾವಿರ ಇಟ್ಟಿದ್ದೀನಿ. ಎಚ್‌ಎಫ್ (ಶಾರ್ಟ್‌ವೇವ್) ಸೆಟ್ಟಲ್ಲಿ ಶೀಗು ಜಿ90 ತಗೊಳ್ಳಲೋ, ಯಾಯೆಸು ಎಫ್‌ಟಿ-891 ತಗೊಳ್ಳಲೋ? ಬಳಸಿದವರು ಹೇಳಿ.

ನೂರುವಾಟ್ (ಬೆಂಗಳೂರು):
891 ತಗೊಳ್ಳಿ, ಎರಡು ಮಾತಿಲ್ಲ. ಆದರೆ ಸೆಟ್ ಬೆಲೆ ನೋಡಿ ಲೆಕ್ಕ ಹಾಕಬೇಡಿ. ನನಗೆ ಸೆಟ್ಟಿಗೆ 78,000, 30 ಆಂಪ್ ಪವರ್ ಸಪ್ಲೈಗೆ 9,500, ಹೊರಗಿನ ಆಂಟೆನಾ ಟ್ಯೂನರ್‌ಗೆ 14,000, ಆಂಟೆನಾ ಅಳೆಯೋ ನ್ಯಾನೊವಿಎನ್‌ಎಗೆ 6,000 ಬಿತ್ತು. ಈ ಸೆಟ್ಟಲ್ಲಿ ಟ್ಯೂನರ್ ಇಲ್ಲ. ರೆಸೊನೆಂಟ್ ಆಂಟೆನಾ (ಬ್ಯಾಂಡಿಗೆ ಸರಿಯಾದ ಉದ್ದಕ್ಕೆ ಕತ್ತರಿಸಿದ್ದು) ಕಟ್ಟುವವರಿಗೆ ಅದು ಬೇಕೂ ಇಲ್ಲ, ನಾನು ತಗೊಂಡಿದ್ದು 80 ಮೀಟರ್‌ಗಾಗಿ.

ಬ್ಯಾಟರಿ ವಿಷಯ ಯಾರೂ ಸರಿಯಾಗಿ ಹೇಳಲ್ಲ. 100 ವಾಟ್‌ಗೆ 23 ಆಂಪ್ ಎಳೆಯುತ್ತೆ. 20 ಎಎಚ್ ಲಿಥಿಯಂ ಫಾಸ್ಫೇಟ್ ಪ್ಯಾಕ್ ಕೇಳಿದರೆ ಅಂಗಡಿಯವರು 20 ಆಂಪ್ ಬಿಎಂಎಸ್ (ಬ್ಯಾಟರಿ ಕಾಯೋ ಸರ್ಕ್ಯೂಟ್) ಹಾಕಿ ಕೊಡ್ತಾರೆ. ರಿಸೀವ್‌ನಲ್ಲಿ ಎಲ್ಲ ಚೆನ್ನಾಗಿರುತ್ತೆ. ಪಿಟಿಟಿ (ಮೈಕಿನ ಬಟನ್) ಒತ್ತಿ ಜೋರಾಗಿ ಮಾತಾಡಿದ ತಕ್ಷಣ ಬಿಎಂಎಸ್ ಕತ್ತರಿಸುತ್ತೆ, ಸೆಟ್ ಆಫ್. ಬಿಎಂಎಸ್ 40 ಆಂಪ್‌ದು ಅಂತ ಬಿಲ್ಲಲ್ಲೇ ಬರೆಸಿಕೊಳ್ಳಿ. ತಂತಿ ಕೂಡ ಹಾಗೇ. ಮನೆ ವೈರಿಂಗಿನ 2.5 ಚದರ ಮಿಮೀ ತಂತಿ 3 ಮೀಟರ್ ಎಳೆದರೆ, ಹೋಗಿ ಬರೋ ದಾರಿ 6 ಮೀಟರ್, 20 ಆಂಪ್‌ಗೆ 0.8 ವೋಲ್ಟ್ ಅಲ್ಲೇ ಹೋಯಿತು. 6 ಚದರ ಮಿಮೀ ಹಾಕಿದರೆ 0.35. ಸೆಟ್ಟಿಗೆ 11.7 ವೋಲ್ಟ್‌ಗಿಂತ ಕೆಳಗೆ ಇಳಿಯಬಾರದು. ಪ್ಲಸ್, ಮೈನಸ್ ಎರಡಕ್ಕೂ ಬ್ಯಾಟರಿ ಹತ್ತಿರವೇ ಫ್ಯೂಸ್ ಇರಲಿ. 73 (ಶುಭಾಶಯ).

ಹುಬ್ಬಳ್ಳಿ_ಕ್ಯೂಆರ್‌ಪಿ:
ಸರ್, ಅವರು ಕೇಳಿದ್ದು 80 ಸಾವಿರದಾಗ. ನೀವು ಸೆಟ್ಟಿಗೇ 78 ಅಂದ್ರಿ. ನನ್ನ ಕಡೆ ಜಿ90 ಐತಿ. 20 ವಾಟ್, ಟ್ಯೂನರ್ ಒಳಗ ಐತಿ, 1.6 ಕೆಜಿ, 10.5 ವೋಲ್ಟ್ ತನಕ ಇಳಿದ್ರೂ ನಡೀತೈತಿ. ಟ್ರಾನ್ಸ್‌ಮಿಟ್‌ನಾಗ 8 ಆಂಪ್ ಒಳಗ. 12 ಎಎಚ್ ಬ್ಯಾಟರಿ ಒಂದು, ಮುಂಜಾನಿಂದ ಮಧ್ಯಾಹ್ನ ತನಕ ಬೆಟ್ಟದ ಮ್ಯಾಲೆ ಸಾಕಾಗ್ತೈತಿ.

20ಕ್ಕೂ 100ಕ್ಕೂ ಫರಕು 7 ಡಿಬಿ. ಸಿಗ್ನಲ್ ಮೀಟರ್‌ನಾಗ ಒಂದು ಎಸ್ ಯೂನಿಟ್ ಅಂದ್ರ 6 ಡಿಬಿ (ಡೆಸಿಬೆಲ್). ಅಂದ್ರ ಆ ಕಡೆಯವರ ಮೀಟರ್‌ನಾಗ ಒಂದು ಗೆರಿ ಕಡಿಮಿ, ಅಷ್ಟ. ಆ ಒಂದು ಗೆರಿಗೆ 40 ಸಾವಿರ ಜಾಸ್ತಿ ಕೊಟ್ಟು, ಭಾರದ ಬ್ಯಾಟರಿ ಹೊರೋದು ಯಾಕ್ರೀ? ಅದರ ಬದಲಿ ಆಂಟೆನಾ 4 ಮೀಟರ್ ಇದ್ದದ್ದು 8 ಮೀಟರ್‌ಗೆ ಏರಿಸ್ರಿ, ಬಿದಿರು ಗಳಕ್ಕ 300 ರೂಪಾಯಿ.

ನೂರುವಾಟ್:
ಒಂದು ಗೆರೆ ಅಂತ ಸಲೀಸಾಗಿ ಹೇಳಬೇಡಿ. ಆ ಕಡೆಯವರ ಮನೆಯಲ್ಲಿ ನಾಯ್ಸ್ ಎಸ್7 ಇದ್ದರೆ, ಎಸ್8ರಲ್ಲಿ ಬರುವವನ ಮಾತು ಅರ್ಥ ಆಗುತ್ತೆ, ಎಸ್7ರಲ್ಲಿ ಬರುವವನದ್ದು ಆಗಲ್ಲ. ಬೆಳಗಿನ ನೆಟ್‌ನಲ್ಲಿ (ಎಲ್ಲರೂ ಒಂದೇ ಫ್ರೀಕ್ವೆನ್ಸಿಯಲ್ಲಿ ಸೇರೋ ಮಾತುಕತೆ) ಕಂಟ್ರೋಲ್ ಸ್ಟೇಷನ್‌ನವರು ಇಪ್ಪತ್ತು ವಾಟ್‌ನವರ ಹೆಸರನ್ನ ಮೂರು ಮೂರು ಸಲ ಕೇಳಬೇಕಾಗುತ್ತೆ. ಉಳಿದವರ ಸಮಯಕ್ಕೂ ಬೆಲೆ ಇದೆ. 891ನ್ನ 20 ವಾಟ್‌ಗೆ ಇಳಿಸಬಹುದು, ಜಿ90ನ್ನ 100ಕ್ಕೆ ಏರಿಸೋಕಾಗಲ್ಲ.

ಅಡಿಕೆತೋಟ (ಸಾಗರ):
ನೀವಿಬ್ಬರೂ ವಾಟ್ ಎಣಿಸುತ್ತಾ ಕೂತಿದ್ದೀರಿ ಮಾರಾಯ್ರೇ, ಕೇಳಿಸದೇ ಇದ್ದರೆ ಮಾತಾಡುವುದು ಯಾರ ಹತ್ತಿರ? ಮೊದಲು ನಾಯ್ಸ್ ಹಿಡಿಯಬೇಕು. ಸೆಟ್ ಬ್ಯಾಟರಿ ಮೇಲೆ ಹಾಕಿ, ಮನೆಯ ಮೇನ್ ಸ್ವಿಚ್ ಇಳಿಸಿ. ನಾಯ್ಸ್ ಬಿದ್ದರೆ ಕಳ್ಳ ಮನೆಯೊಳಗೇ ಇದ್ದಾನೆ. ಎಂಸಿಬಿ ಒಂದೊಂದಾಗಿ ಏರಿಸುತ್ತಾ ಬನ್ನಿ. 60, 70 ಕಿಲೋಹರ್ಟ್ಜ್‌ಗೊಂದು ನಾಯ್ಸ್‌ನ ಗುಡ್ಡೆ ಕಂಡು, ಆ ಗುಡ್ಡೆ ನಿಧಾನಕ್ಕೆ ಸರಿಯುತ್ತಿದ್ದರೆ ಅದು ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಸಪ್ಲೈ): ಮೊಬೈಲ್ ಚಾರ್ಜರ್, ಎಲ್‌ಇಡಿ ಬಲ್ಬಿನ ಡ್ರೈವರ್, ವೈಫೈ ಅಡಾಪ್ಟರ್. 100 ಹರ್ಟ್ಜ್‌ನ ಗುಂಯ್ ಶಬ್ದ, ಬಿಸಿಲಲ್ಲಿ ಜಾಸ್ತಿ, ಮಳೆ ಬಿದ್ದ ಮೇಲೆ ಮಾಯ ಅಂದರೆ ಕರೆಂಟ್ ಕಂಬದ ಇನ್ಸುಲೇಟರ್ ಅಥವಾ ಸಡಿಲ ಬೋಲ್ಟ್.

ನಮ್ಮ ಕಡೆ ಇನ್ನೊಂದಿದೆ. ಸೆಕೆಂಡಿಗೊಂದು ಟಕ್, ಟಕ್. ಅದು ಸೋಲಾರ್ ಬೇಲಿ. ಬೇಲಿಗೆ ಶಾಕ್ ಕೊಡುವ ಎನರ್ಜೈಸರ್‌ನ ತಪ್ಪಲ್ಲ ಅದು, ಬೇಲಿ ತಂತಿಗೆ ಬಳ್ಳಿ ತಾಗಿದಲ್ಲಿ, ಇನ್ಸುಲೇಟರ್ ಸೀಳಿದಲ್ಲಿ ಕಿಡಿ ಹಾರುವುದರಿಂದ ಬರುವುದು. ಸಣ್ಣ ಎಎಂ ರೇಡಿಯೊದಲ್ಲಿ ಖಾಲಿ ಜಾಗ ಹಿಡಿದು ಬೇಲಿಗುಂಟ ನಡೆಯಿರಿ. ಟಕ್ ಜೋರಾದಲ್ಲಿ ನಿಂತು ಕಿವಿ ಕೊಟ್ಟರೆ ಕಿಡಿಯ ಸದ್ದು ಬರಿಗಿವಿಗೂ ಕೇಳುತ್ತದೆ. ಬೇಲಿ ಆಫ್ ಮಾಡಿಸಿ ಬಳ್ಳಿ ಕಡಿದು, ಆ ಇನ್ಸುಲೇಟರ್ ಬದಲಿಸಿದರೆ ಮುಗಿಯಿತು.

ಆಂಟೆನಾಕ್ಕೆ ನನ್ನ ಹತ್ತಿರ ಅಡಿಕೆ ಮರವೇ ಕಂಬ. ಗಾಳಿಗೆ ಮರದ ತುದಿ ಒಂದೂವರೆ ಮೀಟರ್ ಓಲಾಡುತ್ತದೆ, ನೇರ ಕಟ್ಟಿದ ತಂತಿ ಮೊದಲ ಮಳೆಗಾಲದಲ್ಲೇ ತುಂಡು. ಒಂದು ತುದಿಗೆ ರಾಟೆ ಹಾಕಿ, ಹಗ್ಗದ ಕೆಳಗೆ 4 ಕೆಜಿ ಕಲ್ಲು ನೇತು ಹಾಕಬೇಕು. ಬೆಟ್ಟಕ್ಕೆ ಫೈಬರ್ ದೋಟಿ ಒಯ್ಯಿರಿ. ಕೊಯ್ಲಿಗೆ ಬಳಸುವ ಅದೇ ದೋಟಿಯ ನಾಲ್ಕು ತುಂಡು ಸಾಕು, ಹಗುರ, ಗಟ್ಟಿ.

ಬೆಸುಗೆ (ಮೈಸೂರು):
ದೋಟಿ ಬೇಡವೇ ಬೇಡ. ಅಡಿಕೆ ಕೊಯ್ಯುವ ದೋಟಿ ಗ್ಲಾಸ್ ಫೈಬರ್ ಅಲ್ಲ, ಕಾರ್ಬನ್ ಫೈಬರ್. ಕಾರ್ಬನ್‌ನಲ್ಲಿ ಕರೆಂಟ್ ಹರಿಯುತ್ತದೆ. ತಂತಿಯನ್ನು ದೋಟಿಗೆ ಸುತ್ತಿಯೋ, ಪಕ್ಕದಲ್ಲೇ ಇಳಿಬಿಟ್ಟೋ ಕಟ್ಟಿದರೆ ರೆಸೊನೆನ್ಸ್ ಎಲ್ಲಿಗೋ ಹೋಗುತ್ತದೆ, ಪವರ್ ಕಾರ್ಬನ್‌ನಲ್ಲಿ ಬಿಸಿಯಾಗಿ ಕಳೆಯುತ್ತದೆ. ಅದಕ್ಕಿಂತ ದೊಡ್ಡ ವಿಷಯ: ಕರೆಂಟ್ ತಂತಿಗೆ ತಾಗಿದರೆ ಜೀವ ಉಳಿಯಲ್ಲ. ಅಲ್ಯೂಮಿನಿಯಂ ದೋಟಿಯಿಂದ ಏನೇನಾಗಿದೆ ಅಂತ ಮಲೆನಾಡಿನವರಿಗೆ ನಾನು ಹೇಳಬೇಕಾಗಿಲ್ಲ.

ಸೆಟ್ ವಿಷಯಕ್ಕೆ: 80 ಸಾವಿರ ಯಾಕೆ? ಹೈದರಾಬಾದಿನ ಅಶರ್ ಫರ್ಹಾನ್ ಮಾಡಿದ ಮೈಕ್ರೊಬಿಟ್‌ಎಕ್ಸ್ ಇದೆ. 40 ಮೀಟರ್‌ನಲ್ಲಿ ಸುಮಾರು 10 ವಾಟ್, ಮೇಲಿನ ಬ್ಯಾಂಡ್‌ಗಳಲ್ಲಿ ಕಡಿಮೆ. ಪವರ್ ಕೊಡುವುದು ಎರಡು ಐಆರ್‌ಎಫ್510 ಟ್ರಾನ್ಸಿಸ್ಟರ್. ಸುಟ್ಟರೆ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೇ ಬದಲಿ ಸಿಗುತ್ತದೆ. ಬಯಾಸ್ ಪ್ರಿಸೆಟ್ (ಅವುಗಳ ಕರೆಂಟ್ ಹೊಂದಿಸುವ ತಿರುಪು) ಎರಡನ್ನೂ ಪೂರ್ತಿ ಇಳಿಸಿ, ಆಂಟೆನಾ ಬದಲು ಡಮ್ಮಿ ಲೋಡ್ (ರೆಸಿಸ್ಟರ್) ಹಾಕಿ, ಮೈಕ್ ಮುಂದೆ ಸದ್ದಿಲ್ಲದೆ ಪಿಟಿಟಿ ಒತ್ತಿ, ಒಂದೊಂದನ್ನೂ 100 ಮಿಲಿಆಂಪ್ ಏರುವಷ್ಟು ತಿರುಗಿಸಿ. ಎರಡು ಹೀಟ್‌ಸಿಂಕ್ ಒಂದಕ್ಕೊಂದು ತಾಗಬಾರದು, ಡಬ್ಬಿಗೂ ತಾಗಬಾರದು. ಐಆರ್‌ಎಫ್510ರ ಲೋಹದ ಬೆನ್ನು ಡ್ರೈನ್‌ಗೆ ಸೇರಿದೆ. ಡಬ್ಬಿಗೆ ತಾಗಿದರೆ ಸಪ್ಲೈ ನೇರ ಶಾರ್ಟ್.

ಅಡಿಕೆತೋಟ:
ದೋಟಿಗೆ ತಂತಿ ಸುತ್ತು ಅಂತ ನಾನೆಲ್ಲಿ ಹೇಳಿದೆ? ಇನ್ವರ್ಟೆಡ್ ವಿ (ನಡು ಎತ್ತರ, ಎರಡು ಕೈ ಇಳಿಜಾರಾದ ತಂತಿ ಆಂಟೆನಾ) ಕಟ್ಟುವಾಗ ತುದಿಯಿಂದ ಮುಕ್ಕಾಲು ಮೀಟರ್ ನೈಲಾನ್ ಹಗ್ಗ ಬಿಟ್ಟು ನಡುವಿನ ಇನ್ಸುಲೇಟರ್ ನೇತು ಹಾಕುವುದು, ಫೀಡರ್ ಕೇಬಲ್‌ನ್ನು ದೋಟಿಯಿಂದ ಓರೆಯಾಗಿ ದೂರ ಎಳೆಯುವುದು. ಹಾಗೆ ಕಟ್ಟಿದ್ದಕ್ಕೆ ನ್ಯಾನೊವಿಎನ್‌ಎಯಲ್ಲಿ ದೋಟಿ, ಬಿದಿರು ಎರಡಕ್ಕೂ ಒಂದೇ ಗೆರೆ ಬರುತ್ತದೆ. ಕರೆಂಟ್ ತಂತಿ ಇರುವಲ್ಲಿ ಯಾವ ಕಂಬವನ್ನೂ ಎತ್ತಬಾರದು, ಅದಕ್ಕೆ ದೋಟಿ ಒಂದನ್ನೇ ದೂರಬೇಕಾಗಿಲ್ಲ. ತೋಟ ಮಾಡುವವರಿಗೆ ದೋಟಿ ಹಿಡಿಯುವುದು ಕಲಿಸಲು ಬರಬೇಡಿ.

ಬೆಸುಗೆ:
ಕೇಳಿದವರು ತೋಟದವರಲ್ಲ, ಹೊಸಬರು. ‘ದೋಟಿ ಒಯ್ಯಿರಿ’ ಅಂತ ಒಂದು ಸಾಲು ಓದಿ ಸುತ್ತಿಬಿಡುತ್ತಾರೆ. ಮುಕ್ಕಾಲು ಮೀಟರ್ ಹಗ್ಗದ ಮಾತು ಮೊದಲೇ ಬರೆಯಬೇಕಿತ್ತು.

ಉಪ್ಪುಗಾಳಿ (ಕುಂದಾಪುರ):
ಕೇಬಲ್ ಬಗ್ಗೆ ಯಾರೂ ಮಾತಾಡಲಿಲ್ಲ. ನಾನು ಟಿವಿಯ ಆರ್‌ಜಿ6 ಬಳಸುವುದು. ಮೀಟರ್‌ಗೆ 18 ರೂಪಾಯಿ. ದಪ್ಪ 50 ಓಮ್ ಕೇಬಲ್ ಆರ್‌ಜಿ213 ಕೇಳಿದರೆ 160. ಡೈಪೋಲ್ (ನಡುವೆ ಕೇಬಲ್ ಸೇರುವ ಎರಡು ಕೈಯ ತಂತಿ ಆಂಟೆನಾ) ಹೇಗೂ 50ರಿಂದ 75 ಓಮ್ ನಡುವೆ, 75 ಓಮ್ ಕೇಬಲ್ ಹಾಕಿದರೆ ಕೇಬಲ್‌ನೊಳಗೆ ಎಸ್‌ಡಬ್ಲ್ಯುಆರ್ (ಹೊಂದಿಕೆಯ ಅಳತೆ, 1 ಇದ್ದರೆ ಪೂರ್ತಿ ಸರಿ) ಹೆಚ್ಚೆಂದರೆ 1.5. ಸೆಟ್ ಕಡೆ ಕೇಬಲ್ ಉದ್ದಕ್ಕೆ ತಕ್ಕಂತೆ ಸ್ವಲ್ಪ ಜಾಸ್ತಿ ಕಾಣಬಹುದು, ದೊಡ್ಡ ತೊಂದರೆ ಇಲ್ಲ. ಸಮುದ್ರ ಒಂದು ಕಿಲೋಮೀಟರ್ ಒಳಗಿದ್ದರೆ ಎಷ್ಟು ದುಡ್ಡಿನ ಕೇಬಲ್ ಆದರೂ ಎರಡು ವರ್ಷಕ್ಕೆ ಹೆಣೆ (ಹೊರಗಿನ ಲೋಹದ ಜಾಲರಿ) ಕಪ್ಪಾಗುತ್ತದೆ. ಅಗ್ಗದ್ದು ಹಾಕಿ ಬದಲಿಸುತ್ತಾ ಇರುವುದೇ ಸರಿ.

ನೂರುವಾಟ್:
ಆರ್‌ಜಿ6 ಟಿವಿಗೆ ಸರಿ. ಅದರ ಹೆಣೆ ಅಲ್ಯೂಮಿನಿಯಂ, ಬೆಸುಗೆ ಹಿಡಿಯಲ್ಲ. ಒಳಗಿನ ಫೋಮ್ ಮೆತ್ತಗೆ, ಬಿಸಿಲಲ್ಲಿ ಚೂಪಾಗಿ ಬಗ್ಗಿಸಿದರೆ ನಡುವಿನ ತಂತಿ ಸರಿದು ಹೆಣೆಗೆ ತಾಗುತ್ತೆ. ತಾಮ್ರ ಲೇಪಿಸಿದ ಉಕ್ಕಿನ ತಂತಿ ಬೇರೆ. ಸೆಟ್ಟಿಗೆ ಮುಕ್ಕಾಲು ಲಕ್ಷ ಕೊಟ್ಟವರು 15 ಮೀಟರ್ ಕೇಬಲ್‌ಗೆ ಜಿಪುಣತನ ಮಾಡಬಾರದು.

ಉಪ್ಪುಗಾಳಿ:
7 ಮೆಗಾಹರ್ಟ್ಜ್‌ನಲ್ಲಿ ಕರೆಂಟ್ ಲೋಹದ ಮೇಲ್ಪದರದ 25 ಮೈಕ್ರಾನ್‌ನಲ್ಲೇ ಬಹುಪಾಲು ಹರಿಯುವುದು, ಒಳಗೆ ಉಕ್ಕಿದ್ದರೂ ಲೆಕ್ಕಕ್ಕಿಲ್ಲ. 15 ಮೀಟರ್ ಆರ್‌ಜಿ58 (ತೆಳು 50 ಓಮ್ ಕೇಬಲ್) ಅಲ್ಲಿ ಕಳೆಯುವುದು ಅರ್ಧ ಡಿಬಿಗಿಂತ ಸ್ವಲ್ಪ ಜಾಸ್ತಿ, ನನ್ನ ಆರ್‌ಜಿ6 ಅದಕ್ಕಿಂತ ಕಡಿಮೆ. ಆದರೆ 145 ಮೆಗಾಹರ್ಟ್ಜ್‌ಗೆ (2 ಮೀಟರ್ ಬ್ಯಾಂಡ್) ಅದೇ ಆರ್‌ಜಿ58 15 ಮೀಟರ್ ಹಾಕಿ ನೋಡಿ, 3 ಡಿಬಿ, ಅರ್ಧ ಪವರ್ ದಾರಿಯಲ್ಲೇ ಹೋಗುತ್ತದೆ. ದುಡ್ಡು ಸುರಿಯಬೇಕಾದ್ದು ಅಲ್ಲಿ, 40 ಮೀಟರ್‌ಗಲ್ಲ. ಜಿಪುಣತನ ಅನ್ನುವ ಮೊದಲು ಲೆಕ್ಕ ಹಾಕಬೇಕು ಸ್ವಾಮಿ.

ಎರಡುಮೀಟರ್ (ಚಿಕ್ಕಮಗಳೂರು):
ಬೆಟ್ಟಕ್ಕೆ ಎಚ್‌ಎಫ್ ಹೊರುವುದೇ ಅನವಶ್ಯಕ. ಕೊಡಚಾದ್ರಿ 1,343 ಮೀಟರ್, ಎತ್ತರದ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೊ ದಿಗಂತ 151 ಕಿಲೋಮೀಟರ್. ನಡುವೆ ಗುಡ್ಡ ಅಡ್ಡ ಬರದಿದ್ದರೆ 2 ಮೀಟರ್ ಬ್ಯಾಂಡಿನ 5 ವಾಟ್ ಹ್ಯಾಂಡಿ (ಕೈಯಲ್ಲಿ ಹಿಡಿಯುವ ಸೆಟ್), 300 ಓಮ್ ರಿಬ್ಬನ್ ಕೇಬಲ್‌ನ ಜೆ-ಪೋಲ್ ಆಂಟೆನಾ ಸಾಕು. ಹ್ಯಾಂಡಿಯ ಜೊತೆ ಬರುವ ಗಿಡ್ಡ ರಬ್ಬರ್ ಆಂಟೆನಾ ಮಾತ್ರ ಬೇಡ.

ತಾರಸಿಮನೆ:
ಎಲ್ಲರಿಗೂ ಧನ್ಯವಾದ. ಆದರೆ 12ಕ್ಕೆ 9ರ ತಾರಸಿಯಲ್ಲಿ ಮೊಳೆ ಹೊಡೆಯದೆ, 40 ಮೀಟರ್ ಬ್ಯಾಂಡಿಗೆ ಬೇಕಾದ 20 ಮೀಟರ್ ತಂತಿ ಹೇಗೆ ಕಟ್ಟೋದು ಅಂತ ಯಾರೂ ಹೇಳಲಿಲ್ಲ.

ನೂರುವಾಟ್:
ಎಂಡ್ ಫೆಡ್ (ಒಂದು ತುದಿಯಲ್ಲಿ ಕೇಬಲ್ ಸೇರೋ ತಂತಿ ಆಂಟೆನಾ) ಹಾಕಿ. ಅದರ ಟ್ರಾನ್ಸ್‌ಫಾರ್ಮರ್‌ಗೆ ಎಫ್‌ಟಿ240-43 ಫೆರೈಟ್ ಕೋರ್, ಪ್ರೈಮರಿ 2 ಸುತ್ತು, ಸೆಕೆಂಡರಿ 14, ಪ್ರೈಮರಿಗೆ ಅಡ್ಡಲಾಗಿ 100 ಪಿಕೊಫ್ಯಾರಡ್ ಕೆಪಾಸಿಟರ್, ಕನಿಷ್ಠ 2 ಕಿಲೋವೋಲ್ಟ್‌ದು. 20.2 ಮೀಟರ್ ತಂತಿ. 40, 20, 15, 10 ಮೀಟರ್ ಬ್ಯಾಂಡ್ ಎಲ್ಲಾ ಸಿಗುತ್ತೆ.

ಹುಬ್ಬಳ್ಳಿ_ಕ್ಯೂಆರ್‌ಪಿ:
ಎಂಡ್ ಫೆಡ್‌ಗೂ ಅದ 20 ಮೀಟರ್ ಬೇಕಲ್ರೀ, ಅವರ ಪ್ರಶ್ನೆ ಅಲ್ಲೇ ನಿಂತತಿ. ಮತ್ತ ಚೋಕ್ ಹೇಳಲಿಲ್ಲ ನೀವು. ಚೋಕ್ ಇಲ್ಲಂದ್ರ ಕೇಬಲ್‌ನ ಹೆಣೆನ ಆಂಟೆನಾ ಆಗಿ, ಕೆಳಗಿನ ಮನಿ ಟಿವಿ, ವೈಫೈ ನಾಯ್ಸ್ ಎಲ್ಲಾ ಸೆಟ್ಟಿಗೆ ತರ್ತೈತಿ. ಟ್ರಾನ್ಸ್‌ಫಾರ್ಮರ್‌ನಿಂದ 2 ಮೀಟರ್ ಕೇಬಲ್ ಬಿಟ್ಟು, ಎಫ್‌ಟಿ240-31 ಕೋರ್‌ಗೆ ಆರ್‌ಜಿ58 12 ಸುತ್ತು ಹಾಕ್ರಿ. ಕ್ಲಿಪ್ ಮಾಡೋ ಫೆರೈಟ್ ಒಂದು ಸಿಗಿಸಿ ಬಿಟ್ರ 7 ಮೆಗಾಹರ್ಟ್ಜ್‌ನಾಗ ಏನೂ ಆಗಂಗಿಲ್ಲ. ಸುತ್ತಿನ ವರ್ಗದಷ್ಟು ಇಂಪೀಡೆನ್ಸ್ ಏರ್ತೈತಿ, ಅದಕ್ಕ ಸುತ್ತಬೇಕು.

ಬೆಸುಗೆ:
ತಾರಸಿಮನೆಯವರೇ, ಇನ್ವರ್ಟೆಡ್ ವಿ ಕಟ್ಟಿ, ನಿಮ್ಮ ಅಳತೆಗೆ ಕೂರುತ್ತದೆ. ಮೂಲೆಯಿಂದ ಮೂಲೆಗೆ ನಿಮ್ಮ ತಾರಸಿ ಸರಿಯಾಗಿ 15 ಮೀಟರ್. 20 ಲೀಟರ್‌ನ ಖಾಲಿ ಪೇಂಟ್ ಬಕೆಟ್‌ಗೆ 3 ಮೀಟರ್ ಜಿಐ ಪೈಪ್ ನಿಲ್ಲಿಸಿ ಕಾಂಕ್ರೀಟ್ ತುಂಬಿ. 45 ಕೆಜಿ ಮೇಲಾಗುತ್ತದೆ, ಆದ್ದರಿಂದ ತಾರಸಿಯ ನಡುವೆಯೇ ಕಲಸಿ. ಅದಕ್ಕೆ ಬಿದಿರು ಸೇರಿಸಿ ತುದಿ 6 ಮೀಟರ್‌ಗೆ ತನ್ನಿ. ಮೂರು ಕಡೆ ಹಗ್ಗ, ಆ ಹಗ್ಗಕ್ಕೆ ನೀರು ತುಂಬಿದ ಕ್ಯಾನ್ ಅಲ್ಲ, ಇನ್ನೂ ಮೂರು ಕಾಂಕ್ರೀಟ್ ಬಕೆಟ್. ಕ್ಯಾನ್ ಬಿಸಿಲಿಗೆ ಸೀಳಿ ನೀರು ಸೋರಿದ ದಿನ ಕಂಬ ಬೀಳುತ್ತದೆ.

ಪ್ರತಿ ಕೈ 10.4 ಮೀಟರ್ ಕತ್ತರಿಸಿ. ಮೂಲೆಯಲ್ಲಿ 2.2 ಮೀಟರ್ ಎತ್ತರದ ಗಳಕ್ಕೆ ತಲುಪುವಾಗ 8.4 ಮುಗಿದಿರುತ್ತದೆ, ಉಳಿದ 2 ಮೀಟರ್‌ನ್ನು ಪಕ್ಕದ ಗೋಡೆಯ ಗುಂಟ ಅದೇ ಎತ್ತರದಲ್ಲಿ ತಿರುಗಿಸಿ. ತಂತಿಯ ತುದಿಯಲ್ಲಿ ವೋಲ್ಟೇಜ್ ಅತಿ ಹೆಚ್ಚು. ಬಟ್ಟೆ ಒಣಗಿಸುವವರ ಕೈಗೆ ಸಿಗಬಾರದು. ಮೇಲೆ ಏರಿಸಿದ ಮೇಲೆ ಅಳೆಯಿರಿ, ನೆಲದಲ್ಲಿಟ್ಟು ಅಳೆದದ್ದು ಪ್ರಯೋಜನಕ್ಕಿಲ್ಲ. ರೆಸೊನೆನ್ಸ್ 6.85 ಮೆಗಾಹರ್ಟ್ಜ್‌ನಲ್ಲಿ ಬಂದು, ನಿಮಗೆ 7.1 ಬೇಕಾದರೆ ಎರಡು ಕೈ ಸೇರಿದ 20.8 ಮೀಟರ್‌ನ್ನು 6.85ರಿಂದ ಗುಣಿಸಿ 7.1ರಿಂದ ಭಾಗಿಸಿ: 20.07. ಅಂದರೆ ಪ್ರತಿ ಕೈಯಲ್ಲಿ 36 ಸೆಂಟಿಮೀಟರ್ ಕಡಿಮೆ. ಮೊದಲು 25ರಷ್ಟು ಮಡಚಿ ಹಿಂದಕ್ಕೆ ಹೊಸೆಯಿರಿ, ಮತ್ತೆ ಅಳೆಯಿರಿ, ಕತ್ತರಿ ಕೊನೆಗೆ. 6 ಮೀಟರ್ ಎತ್ತರ ಕಡಿಮೆಯಾಯಿತು ಅನ್ನಬೇಡಿ. ಹಗಲಲ್ಲಿ 300, 400 ಕಿಲೋಮೀಟರ್ ಒಳಗಿನ ಮಾತಿಗೆ ಸಿಗ್ನಲ್ ನೆಟ್ಟಗೆ ಮೇಲಕ್ಕೆ ಹೋಗಬೇಕು, ತಗ್ಗಿನ ಆಂಟೆನಾ ಮಾಡುವುದು ಅದನ್ನೇ.

ಏಪ್ರಿಲ್, ಮೇ ಸಂಜೆಗಳಲ್ಲಿ ಕೇಬಲ್ ಕಳಚಿ ಮನೆಯ ಹೊರಗೆ ಬಿಡಿ. ಸಿಡಿಲಿನ ಅರೆಸ್ಟರ್ ಹಾಕಿದ್ದೀನಿ ಅಂತ ಸಿಗಿಸಿಟ್ಟು ಮಲಗಬಾರದು, ನೇರ ಸಿಡಿಲಿಗೆ ಅದು ತಡೆಯಲ್ಲ.

ತಾರಸಿಮನೆ:
ಇದು ಕಟ್ಟುತ್ತೀನಿ. ಮನೆಯಲ್ಲಿ ಆರ್‌ಜಿ6 ಉಳಿದಿದೆ, ಅದನ್ನೇ ಹಾಕಬಹುದಾ? ಹೆಣೆಗೆ ಬೆಸುಗೆ ಹಿಡಿಯಲ್ಲ ಅಂದರಲ್ಲ?

ಉಪ್ಪುಗಾಳಿ:
ಹಾಕಿ. ಸೆಟ್ ಕಡೆ ಕಂಪ್ರೆಷನ್ ಎಫ್ ಕನೆಕ್ಟರ್ (ಟಿವಿ ಕೇಬಲ್‌ನದ್ದು), ಅದರ ಮೇಲೆ ಎಫ್‌ನಿಂದ ಪಿಎಲ್-259 (ಸೆಟ್ಟಿಗೆ ಕೂರುವ ಪ್ಲಗ್) ಅಡಾಪ್ಟರ್. ತಿರುಪಿ ಕೂರಿಸುವ ಎಫ್ ಬೇಡ, ಸಡಿಲ ಆಗುತ್ತದೆ. ಆಂಟೆನಾ ಕಡೆಯೂ ಎಫ್ ಕನೆಕ್ಟರ್‌ನ್ನೇ ಹಾಕಿ, ಡಬ್ಬಿಯಲ್ಲಿ ಎಫ್ ಸಾಕೆಟ್ ಕೂರಿಸಿ, ಅದರ ಹಿಂದಿನ ಹಿತ್ತಾಳೆ ನಟ್‌ಗೆ ಒಂದು ಕೈಯ ತಂತಿ, ನಡುವಿನ ಪಿನ್‌ಗೆ ಇನ್ನೊಂದು. ಬೆಸುಗೆ ಹಿತ್ತಾಳೆಗೆ ಹಿಡಿಯುತ್ತದೆ. 25 ವಾಟ್ ಐರನ್ ಸಾಲದು, 60 ಬೇಕು. ಹೊರಗಿನ ಜೋಡಣೆಗೆ ಮೊದಲು ರಬ್ಬರಿನ ಸೆಲ್ಫ್ ಬಾಂಡಿಂಗ್ ಟೇಪನ್ನು ಅರ್ಧ ಅಗಲಕ್ಕೆ ಎಳೆದು, ಕೆಳಗಿನಿಂದ ಮೇಲಕ್ಕೆ ಸುತ್ತಿ. ಅದರ ಮೇಲೆ ಕಪ್ಪು ಪಿವಿಸಿ ಟೇಪ್. ಕೇಬಲ್ ಡಬ್ಬಿಗೆ ಕೆಳಗಿನಿಂದ ಒಳಗೆ ಹೋಗಬೇಕು, ಕನೆಕ್ಟರ್‌ಗೆ ಮೊದಲು ಒಂದು ಸುತ್ತು ಇಳಿಬಿಟ್ಟಿರಿ, ಮಳೆ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

ನೂರುವಾಟ್:
ಎರಡು ಮಳೆಗಾಲ ಕಳೆದ ಮೇಲೆ ಆ ಕೇಬಲ್ ಕತ್ತರಿಸಿ ಒಳಗಿನ ಹೆಣೆಯ ಫೋಟೊ ಹಾಕಿ. ಆಮೇಲೆ ಮಾತಾಡೋಣ.