ಮಂಡಿ ನೋವಿರುವ ಅಪ್ಪನ ಜೊತೆ ಒಂದು ದಿನ, ಬೆಟ್ಟದ ಫೋಟೋಗೆ ಎಲ್ಲಿ ಹೋಗಲಿ?

ಕುವೆಂಪುನಗರದವಳು

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆ ವಾರದಲ್ಲಿ ಒಂದು ದಿನ ರಜ ಸಿಕ್ಕಿದೆ. ಮೈಸೂರಿನಿಂದ ಕಾರಲ್ಲಿ ಹೊರಟು ರಾತ್ರಿ ಊಟಕ್ಕೆ ಮನೆ ಸೇರಬೇಕು. ಹೋಗುತ್ತಿರುವುದೇ ಫೋಟೋಗೆ, ಅದೂ ಲ್ಯಾಂಡ್‌ಸ್ಕೇಪ್‌ಗೆ. ಜೊತೆಗೆ ಅಪ್ಪ ಬರುತ್ತಾರೆ. ಅವರಿಗೆ 66. ಒಂದು ಕಾಲದಲ್ಲಿ ಯಾಶಿಕಾ ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು ಸಿಕ್ಕ ಬೆಟ್ಟವೆಲ್ಲ ಹತ್ತಿದವರು. ಈಗ ಮಂಡಿ ನೋವು, ನೂರು ಮೆಟ್ಟಿಲು ಹತ್ತಿದರೆ ಎರಡು ದಿನ ಒದ್ದಾಡುತ್ತಾರೆ. ಆದರೂ ಮೊನ್ನೆ ತಾವಾಗಿಯೇ "ನಾನೂ ಬರ್ತೀನಿ ಕಣೇ" ಅಂದರು. ಹಾಗಾಗಿ ಈ ದಿನ ಚೆನ್ನಾಗಿ ಆಗಲೇಬೇಕು.

ನನ್ನ ಪ್ಲಾನ್ ಹೀಗಿದೆ. ಸೂರ್ಯೋದಯಕ್ಕೆ ಕುಂತಿಬೆಟ್ಟ, 10 ಗಂಟೆಗೆ ಮೇಲುಕೋಟೆ, ಮಧ್ಯಾಹ್ನ ಹಿಮವದ್ ಗೋಪಾಲಸ್ವಾಮಿ ಬೆಟ್ಟ, ಸಂಜೆ ಚಾಮುಂಡಿ. ಜಾಸ್ತಿ ಆಯ್ತಾ? ನನ್ನ ಹತ್ತಿರ ಇರುವುದು ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರಿನ) ಕ್ಯಾಮೆರಾ, 18-55 ಲೆನ್ಸ್, ದೂರದ್ದನ್ನು ಹತ್ತಿರ ತೋರಿಸುವ 55-250 ಲೆನ್ಸ್, ಒಂದು ಸಾದಾ ಟ್ರೈಪಾಡ್. ಪೋಲರೈಸರ್ ಫಿಲ್ಟರ್ ಹೊಸದಾಗಿ ತಗೊಂಡಿದ್ದೇನೆ.

ಪಾಂಡವಪುರದವನು

ಜಾಸ್ತಿ ಆಯ್ತು. ಮೇಲುಕೋಟೆ ಮೈಸೂರಿಗೆ ಉತ್ತರಕ್ಕೆ ಸುಮಾರು 50 ಕಿಲೋಮೀಟರ್. ಗೋಪಾಲಸ್ವಾಮಿ ಬೆಟ್ಟ ದಕ್ಷಿಣಕ್ಕೆ, ಗುಂಡ್ಲುಪೇಟೆ ದಾಟಿ. ಇಡೀ ಮಧ್ಯಾಹ್ನ ಕಾರಲ್ಲೇ ಕಳೆದುಹೋಗುತ್ತದೆ. ಅದು ಬಂಡೀಪುರದ ಕಾಡಿನೊಳಗೆ ಇರುವ ಬೆಟ್ಟ, ಎತ್ತರ 1,454 ಮೀಟರ್. ನಮ್ಮ ಗಾಡಿ ಕೆಳಗೇ ನಿಲ್ಲಿಸಿ ಸರ್ಕಾರಿ ಬಸ್ಸಲ್ಲೇ ಮೇಲೆ ಹೋಗಬೇಕು. ಬೆಳಗಿನ ಮೊದಲ ಬೆಳಕೂ ಸಿಗೋದಿಲ್ಲ, ಸಂಜೆಯ ಕೊನೆ ಬೆಳಕೂ ಸಿಗೋದಿಲ್ಲ. ಮಳೆಗಾಲದಲ್ಲಿ ಹೋಗಿ. ಮೋಡ ಹುಲ್ಲಿನ ಮೇಲೇ ಹರಿದು ಹೋಗುವಾಗ ಮಧ್ಯಾಹ್ನವೂ ಒಳ್ಳೆ ಫೋಟೋ ಬರುತ್ತದೆ.

ಇನ್ನು ಕುಂತಿಬೆಟ್ಟ. ಅದು ನಮ್ಮೂರ ಬೆಟ್ಟ, ಚಿಕ್ಕಂದಿನಿಂದ ಹತ್ತಿದ್ದೇನೆ. ಮಂಡಿ ನೋವಿರುವವರಿಗೆ ಬೇಡ. ಮೇಲೆ ಹೋದ ಹಾಗೆ ಬರೀ ಬಂಡೆ, ಕೈ ಊರಿ ಹತ್ತುವ ಜಾಗಗಳಿವೆ. ಕತ್ತಲಲ್ಲಿ ಹತ್ತುವುದಂತೂ ಬೇಡವೇ ಬೇಡ, ಈ ಕಡೆಯ ಕಲ್ಲುಬೆಟ್ಟಗಳಲ್ಲಿ ಚಿರತೆ ಓಡಾಟ ಇದೆ. ಒಂದು ಸಲ ಮಳೆ ನಿಂತ ಮೇಲೆ ಹತ್ತಲು ಹೋಗಿ ನಾನೇ ಜಾರಿದೆ. ಲೆನ್ಸಿನ ಮುಂದಿನ ಫಿಲ್ಟರ್ ಪುಡಿಯಾಯಿತು, ಮೊಣಕೈ ಕಿತ್ತುಹೋಯಿತು. ಅವತ್ತು ಕೆಳಗಿಳಿದು ಗದ್ದೆ ಬದುವಿನ ಮೇಲೆ ಕೂತಿದ್ದಾಗ ತಿರುಗಿ ನೋಡಿದರೆ, ಒದ್ದೆ ಬಂಡೆ ಮೇಲೆ ಬಿಸಿಲು ಬಿದ್ದು ಇಡೀ ಬೆಟ್ಟ ಜೇನಿನ ಬಣ್ಣಕ್ಕೆ ತಿರುಗಿತ್ತು. ನಾನು ತೆಗೆದ ಕುಂತಿಬೆಟ್ಟದ ಫೋಟೋಗಳಲ್ಲಿ ಇವತ್ತಿಗೂ ಅದೇ ಚೆಂದ.

ಯಾಕೆ ಹೇಳಿದೆ ಅಂದರೆ, ಬೆಟ್ಟದ ಮೇಲೆ ನಿಂತರೆ ಬೆಟ್ಟವೇ ಫೋಟೋದಲ್ಲಿ ಇರೋದಿಲ್ಲ, ಅಲ್ವಾ? ಅಪ್ಪನ ಜೊತೆ ಕೆಳಗೇ ನಿಲ್ಲಿ. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು 6.40ರ ಆಸುಪಾಸು. ಅದೂ ನೇರ ಪೂರ್ವಕ್ಕಲ್ಲ, ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು. ಬೆಟ್ಟ ನಿಮಗೂ ಸೂರ್ಯನಿಗೂ ನಡುವೆ ಬರುವ ಹಾಗೆ ಪಶ್ಚಿಮದ ಕಡೆ ನಿಂತರೆ ಕಪ್ಪು ಆಕಾರ, ಹಿಂದೆ ಕೆಂಪು ಆಕಾಶ. ಪೂರ್ವದ ಕಡೆ ನಿಂತು ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡರೆ ಬಂಡೆಯ ಬಣ್ಣ. ಎರಡರಲ್ಲಿ ಯಾವುದು ಬೇಕು ಅಂತ ಹಿಂದಿನ ದಿನವೇ ಮ್ಯಾಪ್ ನೋಡಿ ತೀರ್ಮಾನ ಮಾಡಿ. ಕತ್ತಲಲ್ಲಿ ಜಾಗ ಹುಡುಕುತ್ತಾ ಕೂತರೆ ಬೆಳಕು ಕಾಯೋದಿಲ್ಲ.

ಇನ್ನೊಂದು ವಿಷಯ. ಚಳಿಗಾಲದ ಮುಂಜಾನೆ ನೆಲದ ಹತ್ತಿರದ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ. ಹಾಗಾಗಿ ಆಲೆಮನೆ ಹೊಗೆ ಮೇಲೆ ಏರದೆ ತೆಂಗಿನ ತಲೆಗಳ ಮಟ್ಟದಲ್ಲೇ ಅಡ್ಡಡ್ಡ ಚಾಚಿಕೊಳ್ಳುತ್ತದೆ. 55-250 ಲೆನ್ಸ್ ಹಾಕಿ. ಕಬ್ಬು, ಹೊಗೆ, ತೆಂಗು, ಅದರ ಹಿಂದೆ ಬೆಟ್ಟ, ಪದರ ಪದರವಾಗಿ ಹತ್ತಿರ ಬಂದು ಕೂರುತ್ತವೆ. ಇದು ಮಂಡ್ಯ ಸೀಮೆಯದೇ ಚಿತ್ರ, ಬೇರೆ ಕಡೆ ಸಿಗೋದು ಕಷ್ಟ.

ಮೇಲುಕೋಟೆ ಮೊಮ್ಮಗಳು

ಮೇಲಿನವರು ಹೇಳಿದ್ದು ಮೇಲುಕೋಟೆಗೆ ಇನ್ನೂ ಚೆನ್ನಾಗಿ ಹೊಂದುತ್ತದೆ. ಯೋಗನರಸಿಂಹಸ್ವಾಮಿ ಬೆಟ್ಟಕ್ಕೆ ಅಪ್ಪನನ್ನು ಹತ್ತಿಸಬೇಡಿ. ಕಲ್ಯಾಣಿ ಮೆಟ್ಟಿಲ ಮೇಲೆ ಕೂರಿಸಿ. ಗಾಳಿ ಇಲ್ಲದ ಬೆಳಗ್ಗೆ ಬೆಟ್ಟವೂ ಗುಡಿಯೂ ನೀರಲ್ಲಿ ತಲೆಕೆಳಗಾಗಿ ಕಾಣುತ್ತವೆ. ಜನ ಬಂದು ಕಾಲು ತೊಳೆಯಲು ಶುರು ಮಾಡಿದರೆ ನೀರು ಕಲಕುತ್ತದೆ, ಹಾಗಾಗಿ ಬೇಗ ಹೋಗಬೇಕು. ಕುಂತಿಬೆಟ್ಟ ಮುಗಿಸಿ 10ಕ್ಕೆ ಬರುತ್ತೇನೆ ಅಂದರೆ ಆ ಫೋಟೋ ಮರೆತುಬಿಡಿ. ಸೂರ್ಯೋದಯ ಒಂದೇ, ಎರಡು ಜಾಗಕ್ಕೆ ಹಂಚಲು ಆಗೋದಿಲ್ಲ.

ಪೋಲರೈಸರ್ ಬಗ್ಗೆ ಒಂದು ಮಾತು. ನೀರಿನ ಹೊಳಪು ತೆಗೆಯುವುದೇ ಅದರ ಕೆಲಸ, ತಪ್ಪಾಗಿ ತಿರುಗಿಸಿದರೆ ಪ್ರತಿಬಿಂಬವೂ ಹೋಗುತ್ತದೆ. ಕಲ್ಯಾಣಿ ಹತ್ತಿರ ಅದನ್ನು ಬಿಚ್ಚಿ ಚೀಲಕ್ಕೆ ಹಾಕಿ.

ಬಿಸಿಲು ಏರುವ ಮುಂಚೆ ರಾಯಗೋಪುರಕ್ಕೆ ಹೋಗಿ. ಕಟ್ಟಲು ಶುರು ಮಾಡಿ ಅರ್ಧಕ್ಕೇ ನಿಂತ ಗೋಪುರ ಅದು, ಎತ್ತರದ ಕಂಬಗಳು ಮಾತ್ರ ಆಕಾಶಕ್ಕೆ ನಿಂತಿವೆ. ಕಂಬಗಳ ನಡುವೆ ಕ್ಯಾಮೆರಾ ಇಟ್ಟರೆ ಕಲ್ಲೇ ನಿಮಗೆ ಚೌಕಟ್ಟು. ಆಮೇಲೆ ಅಕ್ಕ-ತಂಗಿ ಕೊಳ. ಹೊಟ್ಟೆಗೆ ಪುಳಿಯೋಗರೆ. ಅಲ್ಲಿಗೆ ಬೆಳಗ್ಗೆ ಮುಗಿಯಿತು, ಸುಮ್ನೆ ಇನ್ನೊಂದು ಬೆಟ್ಟದ ಹಿಂದೆ ಓಡಬೇಡಿ. ದೇವಸ್ಥಾನದ ಒಳಗೆ ಮಾತ್ರ ಕ್ಯಾಮೆರಾ ತೆಗೆಯಬೇಡಿ.

ಹಳೇ ಲೆನ್ಸು

ಸಂಜೆಗೆ ನನ್ನ ಓಟು ಕರಿಘಟ್ಟಕ್ಕೆ. ಶ್ರೀರಂಗಪಟ್ಟಣದ ಪೂರ್ವಕ್ಕೆ ಇದೆ, ಮೈಸೂರಿಗೆ ವಾಪಸ್ ಬರುವ ದಾರಿಗೂ ಹತ್ತಿರ. ಮೆಟ್ಟಿಲೂ ಇದೆ, ಕಾರು ಹೋಗುವ ರಸ್ತೆಯೂ ಇದೆ, ಅಪ್ಪನಿಗೆ ಕಷ್ಟ ಆಗೋದಿಲ್ಲ. ಮೇಲೆ ನಿಂತು ಪಶ್ಚಿಮಕ್ಕೆ ನೋಡಿದರೆ ಕಾವೇರಿ, ಗದ್ದೆ, ಪಟ್ಟಣ ಎಲ್ಲ ಕೆಳಗೆ. ಆ ವಾರ ಸೂರ್ಯ ಮುಳುಗುವುದು 6 ಗಂಟೆ ದಾಟಿದ ಮೇಲೆ. 5ಕ್ಕೇ ಜಾಗ ಹಿಡಿಯಿರಿ. ಬೆಟ್ಟದ ಹತ್ತಿರ ಲೋಕಪಾವನಿ ಬಂದು ಕಾವೇರಿ ಸೇರುತ್ತದೆ. ಸೂರ್ಯ ಇಳಿದಾಗ ನೀರಿನ ಆ ಗೆರೆ ಒಂದೇ ಹೊಳೆಯುತ್ತದೆ, ಉಳಿದದ್ದೆಲ್ಲ ಕಪ್ಪು.

ಸೆಟ್ಟಿಂಗ್ ಸರಳ. ಟ್ರೈಪಾಡ್ ಮೇಲೆ ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಎಫ್ 8. ಎಫ್ ಅಂದರೆ ಲೆನ್ಸಿನ ತೂತಿನ ಅಳತೆ, ಅಂಕಿ ದೊಡ್ಡದಾದಷ್ಟೂ ತೂತು ಸಣ್ಣದು. ಎಫ್ 22ಕ್ಕೆ ಹೋದರೆ ಎಲ್ಲ ಇನ್ನೂ ಚೂಪಾಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಆಗೋದಿಲ್ಲ, ಅಷ್ಟು ಸಣ್ಣ ತೂತಿನಲ್ಲಿ ಬೆಳಕು ಹರಡಿ ಫೋಟೋ ಮೆತ್ತಗಾಗುತ್ತದೆ. ರಾ ಫೈಲ್‌ನಲ್ಲೇ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆಗೆಯಿರಿ. ಆಕಾಶ ಬೆಳಗಿ ನೆಲ ಕಪ್ಪಾಗಿದ್ದರೆ ಮೂರು ಫ್ರೇಮ್ ತೆಗೆದು ಆಮೇಲೆ ಸೇರಿಸಿ: ಒಂದು ಸರಿಯಾಗಿ, ಇನ್ನೊಂದು ಎರಡು ಸ್ಟಾಪ್ ಕಮ್ಮಿ, ಮತ್ತೊಂದು ಎರಡು ಸ್ಟಾಪ್ ಜಾಸ್ತಿ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಅಥವಾ ಎರಡರಷ್ಟು). ಸೂರ್ಯ ಮುಳುಗಿದ ತಕ್ಷಣ ಟ್ರೈಪಾಡ್ ಮಡಚಬೇಡಿ. ಆದರೆ ನಮ್ಮ ಕಡೆ ಮುಸ್ಸಂಜೆ ತುಂಬಾ ಚಿಕ್ಕದು, ಒಳ್ಳೆ ನೀಲಿ ಸಿಗುವುದು 20-25 ನಿಮಿಷ ಅಷ್ಟೆ.

ಚಾಮುಂಡಿ ತಪ್ಪಲು

ಚಾಮುಂಡಿಯನ್ನು ಯಾರೂ ಕೇಳಲಿಲ್ಲವಲ್ಲ! ರಸ್ತೆ ಇದೆ, ಮನೆ ಪಕ್ಕದಲ್ಲೇ ಇದೆ, ಭಾನುವಾರ ಸಂಜೆ 7ಕ್ಕೆ ಅರಮನೆ ದೀಪ ಹತ್ತುವುದು ಮೇಲಿನಿಂದಲೇ ಕಾಣುತ್ತದೆ.

ಹಳೇ ಲೆನ್ಸು

ನಿಜ, ನನಗೂ ಇಷ್ಟದ ಜಾಗ. ಆದರೆ ಡಿಸೆಂಬರಿನಲ್ಲಿ 7 ಗಂಟೆಗೆ ಆಕಾಶ ಪೂರ್ತಿ ಕಪ್ಪಾಗಿರುತ್ತದೆ. ಕಪ್ಪು ಬಟ್ಟೆ ಮೇಲೆ ದೀಪ ಇಟ್ಟ ಹಾಗೆ ಬರುತ್ತದೆ. ಜೂನ್‌ನಲ್ಲಿ ಸೂರ್ಯ ಮುಳುಗುವುದೇ 6.50ರ ಹತ್ತಿರ, ದೀಪ ಹತ್ತುವ ಹೊತ್ತಿಗೆ ಆಕಾಶ ಇನ್ನೂ ನೀಲಿ. ಮೋಡ ಬಿಟ್ಟುಕೊಟ್ಟ ಒಂದು ಭಾನುವಾರ ನೋಡಿಕೊಂಡು ಆಗ ಅಪ್ಪನನ್ನು ಕರೆದುಕೊಂಡು ಹೋಗಿ.

ಕುವೆಂಪುನಗರದವಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಅವರಿಗೆ ಕಲ್ಯಾಣಿಯೇ ಬೇಕಂತೆ. ಯಾಶಿಕಾ ಹೊರಗೆ ತೆಗೆದು ಒರೆಸುತ್ತಾ ಕೂತಿದ್ದಾರೆ, ರೋಲ್ ಎಲ್ಲಿ ಸಿಗುತ್ತದೆ ಅಂತ ಕೇಳುತ್ತಿದ್ದಾರೆ. ಹಾಗಾಗಿ ಬೆಳಗ್ಗೆ ಮೇಲುಕೋಟೆ, ಬಿಸಿಲಲ್ಲಿ ತೊಣ್ಣೂರು ಕೆರೆ ಹತ್ತಿರ ನೆರಳು ನೋಡಿಕೊಂಡು ಊಟ, ಸಂಜೆ ಕರಿಘಟ್ಟ. ಕುಂತಿಬೆಟ್ಟವನ್ನು ಹೋಗುತ್ತಾ ಬರುತ್ತಾ ರಸ್ತೆಯಿಂದ ನೋಡುತ್ತೇವೆ. 6ಕ್ಕೆ ಮೇಲುಕೋಟೆಯಲ್ಲಿ ಇರಬೇಕಾದರೆ ಮನೆಯಿಂದ ಎಷ್ಟಕ್ಕೆ ಹೊರಡಲಿ?

ಪಾಂಡವಪುರದವನು

ನಾಲ್ಕೂವರೆಗೆ ಹೊರಡಿ, ನಿಧಾನಕ್ಕೆ ಬನ್ನಿ. ಶ್ರೀರಂಗಪಟ್ಟಣ ದಾಟಿದ ಮೇಲೆ ಮಂಜು ಸಿಗಬಹುದು. ಮುಖ್ಯ ರಸ್ತೆ ಬಿಡಬೇಡಿ. ಮ್ಯಾಪ್ ಹತ್ತಿರದ ದಾರಿ ಅಂತ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ ಕರೆದುಕೊಂಡು ಹೋದರೆ ಒಪ್ಪಬೇಡಿ. 2018ರಲ್ಲಿ ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಬಿದ್ದು 30 ಜನ ಹೋದರು, ಅದೂ ಹಗಲು ಹೊತ್ತಿನಲ್ಲಿ. ನಮ್ಮ ತಾಲ್ಲೂಕಿನಲ್ಲಿ ಆ ದಿನ ಯಾರೂ ಮರೆತಿಲ್ಲ.

ಕಾರಲ್ಲಿ ಎಸಿ ಹಾಕಿದರೆ ಕ್ಯಾಮೆರಾ ಚೀಲ ಡಿಕ್ಕಿಯಲ್ಲೇ ಇರಲಿ, ಹೊರಗಿನ ಗಾಳಿಗೆ ತೆಗೆದ ತಕ್ಷಣ ಲೆನ್ಸ್ ಮೇಲೆ ಹನಿ ಕಟ್ಟೋದಿಲ್ಲ. ಅಪ್ಪನಿಗೆ ಒಂದು ಮಡಚುವ ಕುರ್ಚಿ ಇಟ್ಟುಕೊಳ್ಳಿ, ಕಲ್ಯಾಣಿ ಕಲ್ಲು ಆ ಹೊತ್ತಿಗೆ ತುಂಬಾ ತಣ್ಣಗಿರುತ್ತದೆ.