ಗೋಲ್ಡ್‌ಫಿಷ್ ಇವತ್ತೇ ನಿಲ್ಲಿಸು

ಪುಟ್ಟಾ, ನೀನು ಬೆಳಿಗ್ಗೆ ಕೇಳಿದ ಪ್ರಶ್ನೆಗೆ ನಮ್ಮ ಮನೆಯವರ ಗುಂಪಿನಲ್ಲಿ ಆಗಲೇ ಹನ್ನೊಂದು ಉತ್ತರ ಬಂದಿವೆ. ಅದರಲ್ಲಿ ಒಂಬತ್ತು ‘ಅಯ್ಯೋ, ಹಾವಾ?’ ಎನ್ನುವವೇ. ನಾನು ಸ್ವಲ್ಪ ಉದ್ದವಾಗಿ ಮಾತನಾಡುತ್ತೇನೆ, ಕೈಕೆಲಸ ಮಾಡುತ್ತಲೇ ಕೇಳಿಸಿಕೊ. ಗಾರ್ಟರ್ ಎಂಬ ಅಮೆರಿಕದ ಕಡೆಯ ಸಣ್ಣ ಹಾವಿನ ಎರಡು ಮರಿ ತಂದು ಎರಡು ತಿಂಗಳಾಯಿತು, ಅಂದಿನಿಂದ ಬರೀ ಗೋಲ್ಡ್‌ಫಿಷ್ ಹಾಕುತ್ತಿದ್ದೇನೆ, ಗಬಗಬ ತಿನ್ನುತ್ತಿವೆ, ಇದೇ ಸಾಕಲ್ಲವೇ ಚಿಕ್ಕಮ್ಮ ಎಂದು ಕೇಳಿದ್ದೀಯ. ಸಾಲದು. ಸಾಲದು ಎನ್ನುವುದೂ ಕಡಿಮೆಯೇ. ಗೋಲ್ಡ್‌ಫಿಷ್ ಇವತ್ತೇ ನಿಲ್ಲಿಸು.

ಇದು ನಾನು ಓದಿ ಕಲಿತದ್ದಲ್ಲ, ನನ್ನ ಹಾವಿಗೇ ಆಪತ್ತು ಬಂದಾಗ ಕಲಿತದ್ದು. ನನ್ನ ಮೊದಲ ಗಾರ್ಟರ್ ಕೂಡ ಮೀನೆಂದರೆ ಪ್ರಾಣ ಬಿಡುತ್ತಿತ್ತು. ಚಿಕ್ಕ ಮೀನು ಸುಲಭವಾಗಿ ಸಿಗುತ್ತಿತ್ತು, ನನಗೂ ಸೋಮಾರಿತನ. ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಮುಚ್ಚಳ ತೆಗೆದರೆ ಅದು ತಲೆಯನ್ನು ಹಿಂದಕ್ಕೆ ವಾಲಿಸಿ ಚಾವಣಿ ನೋಡುತ್ತಿದೆ. ಮೀನಿನ ತುಂಡು ಮುಂದೆ ಹಿಡಿದೆ. ಬಾಯಿ ಹಾಕಿತು, ಗುರಿ ತಪ್ಪಿ ಪಕ್ಕದ ನೀರಿನ ಬಟ್ಟಲಿಗೆ ಮೂತಿ ತಾಗಿತು. ಕೈಗೆ ತೆಗೆದುಕೊಂಡಾಗ ಮೈ ಹಿಂಡಿದ ಬಟ್ಟೆಯ ಹಾಗೆ ಸುರುಳಿ ತಿರುಗಿತು. ನೆಲದ ಮೇಲೆ ಬಿಟ್ಟರೆ ಹೊಟ್ಟೆ ಮೇಲಾಗಿ ಬಿದ್ದದ್ದು ಹಾಗೆಯೇ ಬಿದ್ದಿತ್ತು, ಮಗುಚಿಕೊಳ್ಳಲು ಆಗಲಿಲ್ಲ. ಪಶುವೈದ್ಯರು ಮುಟ್ಟುವ ಮೊದಲೇ ಕೇಳಿದ್ದು ಒಂದೇ ಪ್ರಶ್ನೆ: ‘ಯಾವ ಮೀನು ಹಾಕುತ್ತೀರಿ?’

ವಿಷಯ ಏನೆಂದರೆ, ಗೋಲ್ಡ್‌ಫಿಷ್ ಮತ್ತು ಅದರ ಬಳಗದ ಕಾರ್ಪ್ ಮೀನುಗಳಲ್ಲಿ ಥಯಾಮಿನೇಸ್ ಎಂಬ ಕಿಣ್ವ ಇರುತ್ತದೆ. ಅಂಗಡಿಗಳಲ್ಲಿ ‘ರೋಸಿ ರೆಡ್’ ಎಂದು ಮಾರುವ ಮಿನ್ನೋ ಮೀನಿನಲ್ಲೂ ಇದೆ. ಈ ಕಿಣ್ವ ಥಯಾಮಿನ್ ಅನ್ನು, ಅಂದರೆ ಬಿ-1 ಜೀವಸತ್ವವನ್ನು, ಒಡೆದು ಹಾಕುತ್ತದೆ. ಹಾವಿನ ಹೊಟ್ಟೆ ತುಂಬಿರುತ್ತದೆ, ಮೈ ದುಂಡಗಿರುತ್ತದೆ, ನರಗಳು ಮಾತ್ರ ಒಳಗೊಳಗೇ ಬಳಲುತ್ತಿರುತ್ತವೆ. ಒಂದು ಸಲ ತಿಂದರೆ ಏನೂ ಆಗುವುದಿಲ್ಲ. ವಾರಗಟ್ಟಲೆ ಅದನ್ನೇ ತಿಂದಾಗ ಅಪಾಯ. ಫ್ರೀಜರ್‌ನಲ್ಲಿಟ್ಟರೆ ಕಿಣ್ವ ಸಾಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡ, ಸಾಯುವುದಿಲ್ಲ. ಚೆನ್ನಾಗಿ ಬೇಯಿಸಿದರೆ ಹೋಗುತ್ತದೆ, ಆದರೆ ಮೀನಿನಲ್ಲಿದ್ದ ಥಯಾಮಿನ್ ಕೂಡ ಶಾಖಕ್ಕೆ ಹಾಳಾಗುತ್ತದೆ. ಆ ಪಾಡು ಯಾಕೆ? ಸಾಲ್ಮನ್, ಟ್ರೌಟ್, ತಿಲಾಪಿಯ, ಗಪ್ಪಿ, ಇವುಗಳಲ್ಲಿ ಆ ತೊಂದರೆ ಇಲ್ಲ. ನನ್ನ ಹಾವಿಗೆ ಥಯಾಮಿನ್ ಚುಚ್ಚುಮದ್ದು ಕೊಟ್ಟರು, ಕೆಲವು ದಿನಗಳಲ್ಲಿ ತಲೆ ನೆಟ್ಟಗಾಯಿತು. ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು.

ಇನ್ನು ಏನು ಹಾಕಬೇಕು ಎನ್ನುವುದಕ್ಕೆ ಬರುತ್ತೇನೆ. ಗಾರ್ಟರ್ ಹಾವು ಕೆನಡಾದಿಂದ ಮಧ್ಯ ಅಮೆರಿಕದವರೆಗೆ ಕೆರೆದಂಡೆ, ಹುಲ್ಲುಗಾವಲುಗಳಲ್ಲಿ ಓಡಾಡಿಕೊಂಡು ಕೈಗೆ, ಅಲ್ಲ, ಬಾಯಿಗೆ ಸಿಕ್ಕಿದ್ದನ್ನು ತಿನ್ನುವ ಪ್ರಾಣಿ. ಎರೆಹುಳು, ಕಪ್ಪೆ, ಮೀನು, ಚಿಪ್ಪಿಲ್ಲದ ಬಸವನಹುಳು, ಜಿಗಣೆ, ಇಲಿಮರಿ, ಎಲ್ಲವೂ ನಡೆಯುತ್ತದೆ. ಕೆಲವು ಜಾತಿಗಳು ಹಲ್ಲಿಯ ಆಕಾರದ, ಕಪ್ಪೆಯ ಬಳಗದ ವಿಷಭರಿತ ನ್ಯೂಟ್‌ಗಳನ್ನೂ ನುಂಗಿ ಅರಗಿಸಿಕೊಳ್ಳುತ್ತವೆ, ಆ ಸಾಹಸ ನಮಗೆ ಬೇಡ. ಒಂದು ಆಹಾರದ ಕೊರತೆಯನ್ನು ಇನ್ನೊಂದು ತುಂಬುತ್ತದೆ ಎನ್ನುವುದಷ್ಟೇ ನಾವು ಅದರಿಂದ ಕಲಿಯಬೇಕಾದದ್ದು.

ನನ್ನ ಮನೆಯಲ್ಲಿ ಮುಖ್ಯ ಆಹಾರ ಇಲಿಮರಿ. ಇಡಿಯಾಗಿ ನುಂಗುವುದರಿಂದ ಮೂಳೆಯ ಕ್ಯಾಲ್ಸಿಯಂ, ಪಿತ್ತಜನಕಾಂಗದ ಜೀವಸತ್ವ ಎ, ಎಲ್ಲವೂ ಒಟ್ಟಿಗೆ ಸಿಗುತ್ತದೆ. ಆಗತಾನೇ ಹುಟ್ಟಿದ, ರೋಮವಿಲ್ಲದ ಗುಲಾಬಿ ಮರಿಗಳಲ್ಲಿ ಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ, ಆದ್ದರಿಂದ ಹಾವು ಬೆಳೆದಂತೆ ಸ್ವಲ್ಪ ರೋಮ ಬಂದ ಮರಿಗೆ ಬದಲಾಯಿಸು. ಜೀವಂತ ಇಲಿ ಬೇಡವೇ ಬೇಡ. ಹಸಿದ ಇಲಿ ಹಾವನ್ನೇ ಕಚ್ಚುತ್ತದೆ. ಶೈತ್ಯೀಕರಿಸಿ ಮಾರುವುದನ್ನು ತಂದು, ಹಿಂದಿನ ರಾತ್ರಿ ಫ್ರಿಜ್‌ನ ಕೆಳಗಿನ ಅರೆಯಲ್ಲಿಟ್ಟು, ತಿನ್ನಿಸುವ ಮೊದಲು ಪೊಟ್ಟಣದ ಸಮೇತ ಬಿಸಿನೀರಿನಲ್ಲಿ ಅದ್ದು. ಮೈಕ್ರೋವೇವ್ ಮುಟ್ಟಬೇಡ. ಹೊರಗೆ ಬೆಂದು ಒಳಗೆ ಮಂಜುಗಡ್ಡೆಯಾಗಿ ಉಳಿಯುತ್ತದೆ, ಹಾವು ಕಕ್ಕುತ್ತದೆ.

ನಿನ್ನ ಮರಿಗಳು ಇಲಿಯನ್ನು ಮೊದಲ ದಿನ ಕಣ್ಣೆತ್ತಿಯೂ ನೋಡುವುದಿಲ್ಲ, ಬೇಜಾರಾಗಬೇಡ. ಗಾರ್ಟರ್‌ಗೆ ಆಹಾರವೆಂದರೆ ವಾಸನೆ. ನಾನು ಮಾಡಿದ್ದು ಹೀಗೆ. ದಪ್ಪ ಎರೆಹುಳುವನ್ನು ತೊಳೆದು, ಅದರ ಲೋಳೆಯನ್ನು ಬೆಚ್ಚಗಿನ ಇಲಿಮರಿಯ ಮೂತಿಗೆ, ಬೆನ್ನಿಗೆ ಚೆನ್ನಾಗಿ ಸವರಿದೆ. ಇಕ್ಕಳದಲ್ಲಿ ಹಿಡಿದು ಹಾವಿನ ಮುಂದೆ ಹುಳು ಹರಿಯುವ ಹಾಗೆ ಮೆಲ್ಲನೆ ಅಲುಗಿಸಿದೆ. ನಾಲಿಗೆ ಸರಸರ ಆಡಿತು, ನಿಂತಿತು, ಮತ್ತೆ ಆಡಿತು. ಆಮೇಲೆ ಒಂದೇ ಏಟಿಗೆ ಹಿಡಿಯಿತು. ಮುಂದಿನ ಸಲ ಲೋಳೆ ಕಡಿಮೆ, ಅದರ ಮುಂದಿನ ಸಲ ಇನ್ನೂ ಕಡಿಮೆ. ಈಗ ಬರೀ ಇಲಿಗೇ ಗಾಜಿಗೆ ಮೂತಿ ಒತ್ತಿಕೊಂಡು ಕಾಯುತ್ತದೆ. ಎರೆಹುಳು ಸಾಲದಿದ್ದರೆ ಟ್ರೌಟ್ ತುಂಡನ್ನು ಉಜ್ಜಿದರೂ ಆಗುತ್ತದೆ.

ಎರೆಹುಳು ಮರಿಗಳಿಗೆ ಒಳ್ಳೆಯ ಆಹಾರ, ಆದರೆ ಯಾವ ಹುಳು ಎನ್ನುವುದು ಮುಖ್ಯ. ಗೊಬ್ಬರ ಮಾಡುವ ತೊಟ್ಟಿಯಲ್ಲಿ ಸಾಕುವ ಸಣ್ಣ ಕೆಂಪು ಹುಳು ಹಾಕಬೇಡ. ಅದರ ವೈಜ್ಞಾನಿಕ ಹೆಸರೇ ಐಸೀನಿಯಾ ಫೆಟಿಡಾ, ಅಂದರೆ ನಾರುವಂಥದ್ದು. ಗಾಬರಿಯಾದರೆ ಹಳದಿ ದ್ರವ ಬಿಡುತ್ತದೆ, ಅದು ಹಾವಿಗೆ ವಿಷ. ‘ನೈಟ್‌ಕ್ರಾಲರ್’ ಎಂದು ಮಾರುವ ದಪ್ಪ ಎರೆಹುಳುಗಳೇ ಸರಿ. ಚಿಕ್ಕ ಮರಿಗಾದರೆ ಕತ್ತರಿಸಿ ಕೊಡು. ಔಷಧಿ ಸಿಂಪಡಿಸಿದ ಮಣ್ಣಿನಿಂದ ಹುಳು ಅಗೆದು ತರಬೇಡ. ಎರೆಹುಳುವಿನಲ್ಲಿ ಕ್ಯಾಲ್ಸಿಯಂ ಕಡಿಮೆ, ಆದ್ದರಿಂದ ಹುಳು ಜಾಸ್ತಿ ತಿನ್ನುವ ಕಾಲದಲ್ಲಿ ಆಗಾಗ ಸರೀಸೃಪಗಳಿಗೆ ಮಾರುವ ಕ್ಯಾಲ್ಸಿಯಂ ಪುಡಿಯನ್ನು ಒಂದು ಚಿಟಿಕೆ ಉದುರಿಸು. ಮೂಳೆ ತೆಗೆದ ಮೀನಿನ ತುಂಡಿಗೂ ಇದೇ ಮಾತು.

ಭಾವ, ಜೀರುಂಡೆ, ಹಿಟ್ಟಿನ ಹುಳು ಹಾಕಬಹುದಲ್ಲ ಎಂದು ಕೇಳಿದ್ದೀರಿ. ಅದು ಹಲ್ಲಿಗಳ ಊಟ, ಇವು ತಿರುಗಿಯೂ ನೋಡುವುದಿಲ್ಲ. ಹೊರಗಿಂದ ಕಪ್ಪೆ ಹಿಡಿದು ತರುವ ಉತ್ಸಾಹವೂ ಬೇಡ, ಹೊಟ್ಟೆಯ ಪರೋಪಜೀವಿಗಳು ಜೊತೆಗೇ ಬರುತ್ತವೆ.

ಎಷ್ಟು ದಿನಕ್ಕೊಮ್ಮೆ ಹಾಕಬೇಕು ಎಂದು ಲೆಕ್ಕ ಕೇಳಿದ್ದೆಯಲ್ಲ, ಮರಿಗಳಿಗೆ ವಾರಕ್ಕೆ ಎರಡು ಸಲ, ಬೆಳೆದ ಹಾವಿಗೆ ಐದರಿಂದ ಏಳು ದಿನಕ್ಕೊಮ್ಮೆ. ಹುಳು, ಮೀನು ಬೇಗ ಅರಗುತ್ತವೆ, ಅವನ್ನು ಕೊಡುವಾಗ ಅಂತರ ಸ್ವಲ್ಪ ಕಡಿಮೆ ಇರಲಿ. ತುತ್ತು ಹಾವಿನ ಮೈಯ ಅತಿ ದಪ್ಪ ಭಾಗಕ್ಕಿಂತ ದಪ್ಪ ಇರಬಾರದು. ತಿಂದ ಮೇಲೆ ಎರಡು ದಿನ ಕೈಗೆ ಎತ್ತಿಕೊಳ್ಳಬೇಡ, ಬೆಚ್ಚಗಿನ ಮೂಲೆ 30 ಡಿಗ್ರಿಯ ಆಸುಪಾಸಿನಲ್ಲಿರಲಿ, ಶಾಖವಿಲ್ಲದೆ ಅರಗುವುದಿಲ್ಲ. ಪೊರೆ ಬಿಡುವ ಮುಂಚೆ ಕಣ್ಣು ಮಂಜಾದಾಗ ಊಟ ಬಿಟ್ಟರೆ ಬಿಡಲಿ. ಬೆಳೆದ ಮೇಲೆ ಬೇಡಿದಾಗಲೆಲ್ಲ ಹಾಕಬೇಡ, ಈ ಹಾವುಗಳಿಗೆ ಬೇಡುವುದು ಒಂದು ಕಲೆ.

ಇನ್ನೊಂದು ಮಾತು, ಮರೆಯಬೇಡ. ಎರಡನ್ನೂ ಒಂದೇ ಕಡೆ ಬಿಟ್ಟು ತಿನ್ನಿಸಬೇಡ. ಒಂದೇ ಹುಳುವಿನ ಎರಡು ತುದಿಯನ್ನು ಎರಡೂ ಹಿಡಿದರೆ, ನುಂಗುತ್ತ ನುಂಗುತ್ತ ನಡುವೆ ಮೂತಿಗೆ ಮೂತಿ ಸೇರುತ್ತದೆ, ದೊಡ್ಡದು ಅಲ್ಲಿಗೂ ನಿಲ್ಲಿಸುವುದಿಲ್ಲ. ಒಂದನ್ನು ಬೇರೆ ಡಬ್ಬಿಗೆ ಹಾಕಿ ತಿನ್ನಿಸು, ಮೈಗಂಟಿದ ಮೀನಿನ ವಾಸನೆ ಹೋಗುವವರೆಗೆ ಮತ್ತೆ ಸೇರಿಸಬೇಡ.

ಇವತ್ತು ರಾತ್ರಿ ಎರಡೂ ಮರಿಗಳ ವಿಡಿಯೊ ನನಗೆ ಕಳಿಸು. ನಡುಗುತ್ತಿದ್ದರೆ, ಅಥವಾ ಕಾರಣವಿಲ್ಲದೆ ಮೇಲೆ ನೋಡುತ್ತಿದ್ದರೆ, ನನ್ನ ಉತ್ತರಕ್ಕೂ ಕಾಯದೆ ಸರೀಸೃಪಗಳನ್ನು ನೋಡುವ ಪಶುವೈದ್ಯರ ಹತ್ತಿರ ಹೋಗು, ಎರಡು ತಿಂಗಳು ಗೋಲ್ಡ್‌ಫಿಷ್ ತಿಂದಿವೆ ಎಂದು ಮೊದಲೇ ಹೇಳಿಬಿಡು.

ಅಕ್ಕ, ಇದು ನಿನಗೆ. ಫ್ರೀಜರ್‌ನಲ್ಲಿ ಇಲಿಮರಿಗಳ ಡಬ್ಬಿ ಬೇರೆಯೇ ಇರಲಿ, ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡು. ಬರೆಯದೆ ಇಟ್ಟರೆ ಏನಾಗುತ್ತದೆ ಎಂದು ನಮ್ಮವರನ್ನೇ ಕೇಳು.