ಮುರಕಲ್ಲಿನ ರಂಧ್ರಗಳನ್ನು ಅಳೆದವರಿದ್ದರೆ ಅನುಭವ ಹೇಳಿ

ಪ್ರಶ್ನೆ: ಎಂ.ಟೆಕ್ ಯೋಜನೆಗೆ ಕರಾವಳಿಯ ಮುರಕಲ್ಲನ್ನು (ಗೋಡೆ ಕಟ್ಟಲು ಬಳಸುವ ತೂತುತೂತಾದ ಕೆಂಪು ಕಲ್ಲು, ಲ್ಯಾಟರೈಟ್) ಆರಿಸಿಕೊಂಡಿದ್ದೇನೆ. ಗೋಡೆಯಲ್ಲಿ ತೇವ ಏರುವುದಕ್ಕೂ ಕಲ್ಲಿನೊಳಗಿನ ರಂಧ್ರಗಳ ಜಟಿಲತೆಗೂ ಇರುವ ನಂಟನ್ನು ತೋರಿಸಬೇಕು. ಸರಂಧ್ರತೆಯ ಶೇಕಡಾವಾರು ಸಾಲದು, ಫ್ರ್ಯಾಕ್ಟಲ್ ಆಯಾಮ (ಆಕಾರ ಎಷ್ಟು ಜಟಿಲವೆಂದು ಹೇಳುವ ಸಂಖ್ಯೆ) ಬೇಕು ಎನ್ನುತ್ತಾರೆ ಮಾರ್ಗದರ್ಶಕರು. ಒತ್ತಡ ಹಾಕಿ ಪಾದರಸವನ್ನು ರಂಧ್ರಗಳಿಗೆ ತುಂಬಿಸಿ ಅಳೆಯುವ ಪಾದರಸ ಪರೀಕ್ಷೆ ಮಾಡಿಸಲೇ, ಸಿ.ಟಿ. ಸ್ಕ್ಯಾನ್ ಮಾಡಿಸಲೇ? ಎರಡನ್ನೂ ಮಾಡಿಸುವಷ್ಟು ಹಣವಿಲ್ಲ.

ಕಾಂಕ್ರೀಟ್ ಪ್ರಯೋಗಾಲಯದ ಒಬ್ಬರು: ನಿಮ್ಮ ಪ್ರಶ್ನೆ ತೇವದ್ದು, ಆದ್ದರಿಂದ ಪಾದರಸ. 1 ಮಿ.ಮೀ. ವ್ಯಾಸದ ಕೊಳವೆಯಲ್ಲಿ ನೀರು ಹೆಚ್ಚೆಂದರೆ 3 ಸೆಂ.ಮೀ. ಏರುತ್ತದೆ; 10 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದ ಒಂದು ಪಾಲು) ಕೊಳವೆಯಲ್ಲಿ, ಲೆಕ್ಕದ ಪ್ರಕಾರ, ಸುಮಾರು 3 ಮೀಟರ್. ಕಣ್ಣಿಗೆ ಕಾಣುವ ತೂತುಗಳು ತೇವವನ್ನು ಮೇಲೆಳೆಯುವುದಿಲ್ಲ, ಕಾಣದವು ಎಳೆಯುತ್ತವೆ. ವಾತಾವರಣದ ಒತ್ತಡದಲ್ಲಿ ಪಾದರಸ ಸುಮಾರು 15 ಮೈಕ್ರಾನ್‌ಗಿಂತ ದೊಡ್ಡ ರಂಧ್ರಗಳನ್ನಷ್ಟೇ ಹೊಗುತ್ತದೆ. 400 ಮೆಗಾಪಾಸ್ಕಲ್‌ಗೆ ಏರಿಸಿದರೆ 4 ನ್ಯಾನೋಮೀಟರ್‌ನವರೆಗೂ ಇಳಿಯುತ್ತದೆ. ಆದರೆ ಅದು ಅಳೆಯುವುದು ರಂಧ್ರದ ಬಾಯಿಯನ್ನು, ಹೊಟ್ಟೆಯನ್ನಲ್ಲ. ಕಿರಿದಾದ ಕುತ್ತಿಗೆಯ ಮಸಿಕುಡಿಕೆಯಂತಹ ದೊಡ್ಡ ಟೊಳ್ಳೂ ಸಣ್ಣ ರಂಧ್ರವೆಂದೇ ದಾಖಲಾಗುತ್ತದೆ. ದೊಡ್ಡ ಕೊಳವೆಗಳಂತೂ ಯಂತ್ರ ಎಣಿಸಲು ತೊಡಗುವ ಮೊದಲೇ ತುಂಬಿರುತ್ತವೆ. ಪಾದರಸ ಹೊಕ್ಕ ಚೂರು ಮತ್ತೆ ಯಾವ ಪರೀಕ್ಷೆಗೂ ಬಾರದು, ವಿಲೇವಾರಿಯೂ ಜೋಪಾನವಾಗಿ ಆಗಬೇಕು; ಹಾಗಾಗಿ ಅದು ಕಟ್ಟಕಡೆಗೆ.

ಸ್ಕ್ಯಾನ್ ಕೆಲಸದಲ್ಲಿರುವವರು: ನಾನು ಒಪ್ಪುವುದು ಅರ್ಧ ಮಾತ್ರ. ಯಾವ ರಂಧ್ರ ಯಾವುದಕ್ಕೆ ಸೇರಿಕೊಂಡಿದೆ ಎಂಬುದನ್ನು ಪಾದರಸ ತೋರಿಸುವುದಿಲ್ಲ. ಆದರೆ 20 ಮಿ.ಮೀ. ಅಗಲದ ತುಂಡನ್ನು 2000 ಪಿಕ್ಸೆಲ್ ಅಗಲದ ಸಂವೇದಕದಲ್ಲಿ ಹಿಡಿದರೆ ಒಂದು ವಾಕ್ಸೆಲ್ (ಮೂರು ಆಯಾಮದ ಚಿತ್ರದ ಅತಿ ಸಣ್ಣ ಘನ) 10 ಮೈಕ್ರಾನ್. ರಂಧ್ರದ ಅಡ್ಡಕ್ಕೆ ಮೂರು ವಾಕ್ಸೆಲ್, ಅಂದರೆ 30 ಮೈಕ್ರಾನ್, ಆದರೂ ಸಿಗದಿದ್ದರೆ ಅದರ ಆಕಾರವನ್ನು ನಾನು ನಂಬುವುದಿಲ್ಲ. ಮುರಕಲ್ಲಿನಲ್ಲಿ ಇನ್ನೊಂದು ಕಾಟ ಕಬ್ಬಿಣದ್ದು. ಎಕ್ಸ್‌ಕಿರಣ ಅಂಚಿಗಿಂತ ನಡುವಿನಲ್ಲಿ ಬೇರೆ ರೀತಿ ಹೀರಿಕೆಯಾಗಿ, ಒಂದೇ ಬಗೆಯ ಕಲ್ಲು ಎರಡು ಬೂದು ಛಾಯೆಗಳಲ್ಲಿ ಕಾಣುತ್ತದೆ. ತಾಮ್ರದ ತೆಳು ಸೋಸುಹಾಳೆ ಹಾಕಲು ಹೇಳಿ. ರಂಧ್ರ ಮತ್ತು ಕಲ್ಲಿನ ನಡುವೆ ಗೆರೆ ಎಳೆಯುವ ಮಿತಿಯನ್ನು ತುಸು ಮೇಲೆ ಕೆಳಗೆ ಮಾಡಿ ಲೆಕ್ಕ ಹಾಕಿ. ಉತ್ತರ ತೀರಾ ಓಲಾಡಿದರೆ ಅದು ಕಲ್ಲಿನ ಗುಣವಲ್ಲ, ನಿಮ್ಮ ಆಯ್ಕೆಯ ಫಲ.

ಗಣಿತದ ಕಡೆಯವರು: ಫ್ರ್ಯಾಕ್ಟಲ್ ಆಯಾಮದ ಮೋಹ ಯಾಕೋ! ಎರಡು ಕಲ್ಲುಗಳ ಆಯಾಮ ಒಂದೇ ಆಗಿದ್ದು, ಒಂದರಲ್ಲಿ ನೀರು ಹರಿದು ಇನ್ನೊಂದರಲ್ಲಿ ನಿಲ್ಲಬಹುದು. ಕೊಡಲೇಬೇಕೆಂದಿದ್ದರೆ, ಪೆಟ್ಟಿಗೆ ಎಣಿಕೆಯ (ಆಕಾರವನ್ನು ಬೇರೆಬೇರೆ ಗಾತ್ರದ ಪೆಟ್ಟಿಗೆಗಳಿಂದ ಮುಚ್ಚಿ, ಎಷ್ಟು ಬೇಕಾದವೆಂದು ಎಣಿಸುವ ವಿಧಾನ) ಲಾಗ್ ನಕ್ಷೆಯಲ್ಲಿ ಗೆರೆ ಎಷ್ಟು ದೂರ ನೇರವಾಗಿದೆ ಎಂಬುದನ್ನೂ ಕೊಡಿ. ಹತ್ತು ಪಟ್ಟು ವ್ಯಾಪ್ತಿಯೂ ಇಲ್ಲದಿದ್ದರೆ ಆ ಸಂಖ್ಯೆಗೆ ಬೆಲೆಯಿಲ್ಲ. ಸ್ಕ್ಯಾನ್ ಸಿಕ್ಕರೆ ಆಯ್ಲರ್ ಸಂಖ್ಯೆ ತೆಗೆಯಿರಿ: ಬಿಡಿ ರಂಧ್ರಗಳ ಸಂಖ್ಯೆಯಿಂದ ಸುರಂಗದಂತಹ ಕುಣಿಕೆಗಳ ಸಂಖ್ಯೆಯನ್ನು ಕಳೆದು, ರಂಧ್ರದೊಳಗೆ ತೇಲುವ ಕಲ್ಲಿನ ದ್ವೀಪಗಳನ್ನು ಕೂಡಿದ್ದು. ಅದು ಋಣವಾದಷ್ಟೂ ರಂಧ್ರಗಳು ಒಂದಕ್ಕೊಂದು ಹೆಚ್ಚು ಸೇರಿಕೊಂಡಿವೆ ಎಂದರ್ಥ. ಇಮೇಜ್‌ಜೆ ಎಂಬ ಚಿತ್ರ ವಿಶ್ಲೇಷಣೆಯ ತಂತ್ರಾಂಶ ಮತ್ತು ಅದರ ಬೋನ್‌ಜೆ ಜೋಡಣೆಯಲ್ಲಿ ಇದೆಲ್ಲ ಉಚಿತ.

ಕೇಳಿದವರು: ಹಾಗಾದರೆ ನಾಳೆಯೇ ಮಾಡಬಹುದಾದದ್ದು?

ಕಾಂಕ್ರೀಟ್ ಪ್ರಯೋಗಾಲಯದವರು: ಕಲ್ಲನ್ನು ಚೌಕವಾಗಿ ಕೊಯ್ಯಿಸಿ, ಒಣಗಿಸಿ, ತಳ ಮಾತ್ರ ನೀರಿಗೆ ತಾಗುವಂತೆ ನಿಲ್ಲಿಸಿ ತೂಗುತ್ತಾ ಹೋಗಿ. ಹೀರಿದ ನೀರನ್ನು ಕಾಲದ ವರ್ಗಮೂಲದ ಎದುರು ಬರೆದರೆ ಮೊದಲ ಭಾಗ ನೇರ ಗೆರೆಯಾಗಬೇಕು. ಸರಂಧ್ರತೆಗೆ ನೀರಿನಲ್ಲಿ ಮುಳುಗಿಸಿ ತೂಗುವವರು ಒಂದು ಗಮನಿಸಿ: ಎತ್ತಿದೊಡನೆ ದೊಡ್ಡ ಕೊಳವೆಗಳ ನೀರು ಸುರಿದುಹೋಗುತ್ತದೆ. ಆದ್ದರಿಂದ ಹೊರಗಾತ್ರವನ್ನು ವರ್ನಿಯರ್‌ನಿಂದಲೇ ಅಳೆಯಿರಿ. ಒಂದೇ ಕಲ್ಲಿನ ಮೇಲಿನ ತುಂಡು, ಕೆಳಗಿನ ತುಂಡು ಬೇರೆಬೇರೆಯಾಗಿ ಇಟ್ಟುಕೊಳ್ಳಿ. ಗಣಿಯಲ್ಲಿ ಯಾವ ಮುಖ ಮೇಲಿತ್ತೆಂದು ಕೊಯ್ಯುವವರ ಬಳಿಯೇ ಗುರುತು ಹಾಕಿಸಿ, ಆಮೇಲೆ ಯಾರಿಗೂ ತಿಳಿಯುವುದಿಲ್ಲ.